ಅರ್ಧ ಇಂಚು ಬಿಟ್ಟು ಕತ್ತರಿಸಿದ ಇಂಜಿನ್

ಅಪ್ಪ ನನ್ನನ್ನು ಉಗಿ ಇಂಜಿನ್ನಿನ ಒಳಗೆ ಹತ್ತಿಸಿಕೊಂಡಿದ್ದ. ನನಗಾಗ ಐದು ದಾಟಿತ್ತು. ರಾಯದುರ್ಗ ಸ್ಟೇಷನ್ನಿನ ನೀರಿನ ಕಂಬದ ಹತ್ತಿರದಿಂದ ಹೊರಟ ಇಂಜಿನ್, ಬೋಗಿಗಳ ಪಕ್ಕದ ಹಳಿಯ ಮೇಲೆ ಸಾಗಿ ಇನ್ನೊಂದು ತುದಿಯಲ್ಲಿ ನಿಲ್ಲುವವರೆಗೆ ನಾನು ಅಪ್ಪನ ಮುಂದೆ ನಿಂತಿದ್ದೆ. ಬೆಂಕಿಯ ಬಾಗಿಲು ತೆರೆದುಕೊಂಡಿತು. ಮುಖಕ್ಕೆ ಬಿಸಿ ಬಡಿಯಿತು. ಒಳಗೆ ಕೆಂಪಗೆ ಏನೋ ಕುಣಿಯುತ್ತಿತ್ತು. ನನ್ನ ಎರಡೂ ಕಂಕುಳಲ್ಲಿ ಅಪ್ಪನ ಕೈಗಳಿದ್ದವು.

ಇದನ್ನು ನಾನು ಹೋದ ವರ್ಷದವರೆಗೆ ನಾಲ್ಕು ಸಲ ಬರೆದಿದ್ದೆ. ಮೊದಲ ಸಲ ಇಷ್ಟೇ ಇತ್ತು. ಎರಡನೆಯ ಸಲ ಸೀಟಿಯ ಹಗ್ಗ ಬಂತು. ಅದನ್ನು ನಾನೇ ಎಳೆದೆ. ಮೂರನೆಯ ಸಲ ಡ್ರೈವರನ ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡಿತು. ನಾಲ್ಕನೆಯದರಲ್ಲಿ ಮುಂದಿನ ಕಿಟಕಿಯಿಂದ ಹಳಿಗಳೂ ಊರಿನ ಬೆಟ್ಟವೂ ಕಾಣಿಸತೊಡಗಿದವು. ವಯಸ್ಸಾದಂತೆ ನೆನಪು ಸವೆಯುತ್ತದೆ ಎನ್ನುತ್ತಾರೆ. ನನ್ನದು ಮೈ ತುಂಬಿಕೊಳ್ಳುತ್ತಿತ್ತು. ಅನುಮಾನ ಬರಲು ಅಷ್ಟು ಸಾಕಿತ್ತು. ಆದರೂ ನಾನು ಅನುಮಾನಿಸಲಿಲ್ಲ, ಯಾಕೆಂದರೆ ಅಪ್ಪನದೆಂದು ನನ್ನ ಹತ್ತಿರ ಇರುವುದು ಇದೊಂದೇ ನೆನಪು.

ಅಪ್ಪ ರಾಯದುರ್ಗ ಸ್ಟೇಷನ್ನಿನಲ್ಲಿ ಖಲಾಸಿ. ಬಳ್ಳಾರಿಯಿಂದ ಬರುವ ಸಣ್ಣ ಹಳಿಯ ರೈಲಿಗೆ ಆಗ ನಮ್ಮೂರೇ ಕೊನೆ. ಬಂದ ಇಂಜಿನ್ ಬೋಗಿಗಳನ್ನು ಬಿಚ್ಚಿ ನಿಲ್ಲಿಸಿ, ನೀರು ತುಂಬಿಕೊಂಡು, ಇನ್ನೊಂದು ತುದಿಗೆ ಹೋಗಿ ಕಚ್ಚಿಕೊಂಡು ವಾಪಸು ಹೊರಡುತ್ತಿತ್ತು. ಆ ನೀರು ತುಂಬಿಸುವುದು ಅಪ್ಪನ ಕೆಲಸ. ನನಗೆ ಆರು ತುಂಬುವ ಮೊದಲೇ ಅವನು ತೀರಿಕೊಂಡ. ಒಂದು ಫೋಟೋ ಇದೆ. ಸ್ಟೇಷನ್ನಿನವರೆಲ್ಲ ಸಾಲಾಗಿ ನಿಂತದ್ದು. ಅದರ ತುದಿಯಲ್ಲಿರುವ ಅಪ್ಪ ಕಣ್ಣು ಮುಚ್ಚಿಕೊಂಡಿದ್ದಾನೆ. ಫೋಟೋ ತೆಗೆದವನು ಅವನ ಕಣ್ಣು ತೆರೆಯುವವರೆಗೆ ಕಾಯಲಿಲ್ಲ.

ಹೋದ ವರ್ಷ ನಾಲ್ಕನೆಯ ಸಲ ಬರೆದದ್ದನ್ನು ಅಣ್ಣನಿಗೆ ಫೋನಿನಲ್ಲಿ ಓದಿದೆ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು, ರಾಯದುರ್ಗದಲ್ಲೇ ಇದ್ದಾನೆ. ಓದಿದ್ದು ತೆಲುಗಿನಲ್ಲಿ, ಅದೂ ಸ್ವಲ್ಪ. ಕನ್ನಡ ಮಾತಾಡುತ್ತಾನೆ, ಅಕ್ಷರ ಕೂಡಿಸಲು ಬೇಸರ. ಹಾಗಾಗಿ ನಾನು ಬರೆದದ್ದು ಯಾವುದನ್ನೂ ಅವನು ಓದಿಲ್ಲ. ಪೂರ್ತಿ ಕೇಳಿದ.

“ಮುಗೀತೇನು?” ಎಂದ.

“ಹೂಂ, ಅಷ್ಟೇ.”

“ಚಲೋ ಐತಿ. ಒಂದು ಹೇಳು ಮತ್ತ. ಡ್ರೈವರ್ ಒಬ್ಬ, ಫೈರ್‌ಮನ್ ಇಬ್ಬರು. ಅವ್ರೇ ಒಬ್ಬರ ಕಾಲು ಒಬ್ಬರು ತುಳಕೊಂತ ನಿಂತಿರ್ತಾರ. ಸಲಿಕಿ ಬೀಸಾಕ ಬ್ಯಾರೆ ಜಾಗ ಬೇಕು. ಅದ್ರಾಗ ಅಪ್ಪ, ಅಪ್ಪನ ಮುಂದ ನೀನು. ಜಾಗ ಎಲ್ಲೈತಿ ತಂಗಿ?”

“ನೀ ಅವತ್ತು ಅಲ್ಲಿದ್ದೇನು?”

“ನಾ ಎಲ್ಲಿರ್ಲಿ, ಟೈಲರ್ ಅಂಗಡ್ಯಾಗ ಕಾಜಾ ಮಾಡ್ಕೊಂತ ಕುಂತಿದ್ದೆ. ಆದ್ರ ಅಪ್ಪಗ ಬುತ್ತಿ ಕೊಡಾಕ ಹೋಗ್ತಿದ್ನೆಲ್ಲ, ಇಂಜಿನ್ ನೋಡೀನಿ.”

ಅವನು ಸುಳ್ಳೆನ್ನಲಿಲ್ಲ. ಜಾಗ ಎಲ್ಲಿದೆ ಎಂದು ಮಾತ್ರ ಕೇಳಿದ. ಅಳತೆ ತೆಗೆಯುವವರ ಪ್ರಶ್ನೆ ಅದು. ಅಳತೆಯ ಪ್ರಶ್ನೆಗೆ ಅಳತೆಯಿಂದಲೇ ಉತ್ತರ ಕೊಡಬೇಕು ಎಂದು ನನಗೆ ಹಟ ಬಂತು. ಉಗಿ ಇಂಜಿನ್ನಿನ ಮಾದರಿಯನ್ನು ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಮಾರುತ್ತಾರೆ, ಮನೆಯಲ್ಲಿ ಕೂತು ಜೋಡಿಸಿಕೊಳ್ಳುವ ಕಿಟ್. ಅಂಥದೊಂದನ್ನು ತರಿಸಿದೆ. ನಿಜದ ಇಂಜಿನ್ನಿನ ಮೂವತ್ತೆರಡರಲ್ಲಿ ಒಂದು ಪಾಲು. ಅಂದರೆ ಮಾದರಿಯ ಒಂದು ಇಂಚು ನಿಜದ ಮೂವತ್ತೆರಡು ಇಂಚಿಗೆ ಸಮ.

ನಾನಿರುವುದು ಮಡಕಶಿರಾದಲ್ಲಿ, ಕನ್ನಡ ಶಾಲೆಯ ಮೇಷ್ಟ್ರು. ಕೊಟ್ಟ ಮನೆಯ ಊರು ಇದು. ಪೆಟ್ಟಿಗೆ ಬಂದ ದಿನ ನನ್ನ ಗಂಡ ಅದನ್ನು ತೆರೆದು ಹಿತ್ತಾಳೆಯ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಅವರದು ಮೋಟಾರು ವೈಂಡಿಂಗ್ ಅಂಗಡಿ. ಲೋಹ ಕಂಡರೆ ಕೈ ಸುಮ್ಮನಿರುವುದಿಲ್ಲ. ಹಾಳೆಗಳಲ್ಲಿ ಇಂಜಿನ್ನಿನ ಭಾಗಗಳು ಅರ್ಧ ಕೊರೆದ ಗೆರೆಗಳಾಗಿ ಮಲಗಿದ್ದವು. ಬೇರೆ ಪೊಟ್ಟಣಗಳಲ್ಲಿ ಚಕ್ರಗಳು, ಚಿಮಣಿ, ಒಂದು ಜೊತೆ ಕೊಳವೆ, ಎಣಿಸಲಾಗದಷ್ಟು ಸಣ್ಣ ಮೊಳೆ.

“ಇದನ್ನ ಇಲ್ಲೇ ಮಾಡಾನ ಬಿಡು. ರಾಯದುರ್ಗಕ್ಕೆ ಯಾಕೆ ಹೊತ್ಕಂಡು ಹೋಗ್ತೀಯ?” ಎಂದರು.

“ಅಣ್ಣನ ಹತ್ರ ಮಾಡಬೇಕು.”

ನನಗೂ ಅಣ್ಣನಿಗೂ ಏನೋ ವ್ಯಾಜ್ಯವಿದೆ ಎಂದು ಅವರಿಗೆ ಗೊತ್ತಾಯಿತು. ಅಂಗಡಿಯಿಂದ ದೊಡ್ಡ ಬೆಸುಗೆ ಕಡ್ಡಿ ತಂದುಕೊಟ್ಟರು. “ತಗಾ. ನಿಮ್ಮಣ್ಣನ ಕೈಗೆ ಕೊಡುವಾಗ ಹುಷಾರು ಕಣೆ. ಇಸ್ತ್ರಿ ಪೆಟ್ಟಿಗೆ ಅಂತ ತಿಳ್ಕಂಡು ಇಂಜಿನ್ನೇ ತೀಡ್ಬುಟ್ಟಾರು.”

ಮಡಕಶಿರಾದಿಂದ ರಾಯದುರ್ಗಕ್ಕೆ ಬಸ್ಸಿನಲ್ಲಿ ಹೋಗಬೇಕು. ಹೊಸ ರೈಲು ದಾರಿಗೆಂದು ಸುರಿದ ಮಣ್ಣಿನ ಏರಿ ಅಲ್ಲಲ್ಲಿ ರಸ್ತೆಯ ಪಕ್ಕಕ್ಕೆ ಬರುತ್ತದೆ, ಹೋಗುತ್ತದೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿದಾಗ ನನ್ನ ಮಾತೂ ಬದಲಾಗುತ್ತದೆ; ‘ಐತೆ’ ಎಂದು ಹೊರಟವಳು ‘ಐತಿ’ ಎಂದು ಇಳಿಯುತ್ತೇನೆ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ ಎಂದು ಬರೆಯಲು ಹೊರಟೆ. ತೊಡೆಯ ಮೇಲೆ ಹಿಡಿಸುವ ಪೆಟ್ಟಿಗೆಯಲ್ಲ ಅದು. ಡ್ರೈವರನ ಹಿಂದಿನ ಸೀಟಿನ ಕೆಳಗಿತ್ತು. ನೋಡಿ, ಹೋದ ವರ್ಷದ ನೆನಪೇ ಹೀಗೆ.

ಅಣ್ಣ ಜೀನ್ಸ್ ಹೊಲಿಯುವ ಕಡೆ ಕಟಿಂಗ್ ಮಾಸ್ಟರ್ ಆಗಿದ್ದವನು. ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ರಾಯದುರ್ಗದಲ್ಲಿ ಅದು ಸಣ್ಣ ಮಾತಲ್ಲ. ಒಂದರ ಮೇಲೊಂದು ಹಾಸಿದ ನೂರು ಪದರ ಬಟ್ಟೆಗೆ ಅವನು ಗೆರೆ ಎಳೆದರೆ ಆ ಗೆರೆ ನೂರು ಪ್ಯಾಂಟಾಗುತ್ತಿತ್ತು. ತಪ್ಪಿದರೆ ನೂರೂ ತಪ್ಪು. ಈಗ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಮೇಜು ಹಾಕಿಕೊಂಡು ಆಲ್ಟ್ರೇಷನ್ ಮಾಡುತ್ತಾನೆ. ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು. ಆ ಮೇಜಿನ ಮೇಲೆ ನಾವು ಇಂಜಿನ್ ಹರಡಿದೆವು. ನಾನು ಇಂಗ್ಲಿಷಿನ ಸೂಚನೆಗಳನ್ನು ಓದಿ ಹೇಳುವುದು, ಅವನು ಮಾಡುವುದು.

“ಬೆಸುಗೆ ಹಾಕಾಕ ಮೊದ್ಲು ಸುಮ್ನ ಜೋಡಿಸಿ ನೋಡ್ಬೇಕಂತ. ಸರಿಯಾಗಿ ಕುಂತ್ರ ಆಮ್ಯಾಲ ಬೆಸುಗೆ.”

“ಕಚ್ಚಾ ಹೊಲಿಗಿ ಅನ್ನು,” ಎಂದ ಅಣ್ಣ. “ಮತ್ತ ಹಂಗ ಹೇಳಾಕ ಏನಾಗೈತಿ ಅವ್ರಿಗೆ.”

ಹೀಗೆ ಇಂಜಿನ್ ನಿಧಾನವಾಗಿ ಅವನ ಮಾತಿನೊಳಗೆ ಬಂತು. ಬಾಯ್ಲರು ತೋಳು. ಅದರ ಮೇಲಿನ ಪಟ್ಟಿಗಳು ಬೆಲ್ಟು. ಚಕ್ರಗಳನ್ನು ಕೂಡಿಸುವ ಸರಳು ಲಾಡಿ. ಬೆಸುಗೆ ಕಡ್ಡಿ ಕಾಯುವುದನ್ನು ನೋಡುತ್ತ “ಇದು ಇಸ್ತ್ರಿ ಪೆಟ್ಟಿಗಿ ತಮ್ಮ” ಎಂದ. ನನ್ನ ಗಂಡನ ಮಾತನ್ನು ನಾನು ಅವನಿಗೆ ಹೇಳಿರಲಿಲ್ಲ.

ಬಟ್ಟೆಯ ಕತ್ತರಿಯನ್ನು ಮಾತ್ರ ಅವನು ಆ ಮೇಜಿನಿಂದ ತೆಗೆದು ಬೀರುವಿನೊಳಗಿಟ್ಟ. ಅದು ಬಟ್ಟೆ ಬಿಟ್ಟು ಇನ್ನೊಂದನ್ನು ಮುಟ್ಟುವಂತಿಲ್ಲ. ಚಹಾ ತಂದ ಅತ್ತಿಗೆ ಅದನ್ನು ನೋಡಿ ನಕ್ಕರು.

“ಒಂದ್ಸಲ ಅದ್ರಾಗ ಕ್ಯಾಲೆಂಡರ್ ಕತ್ತರಿಸಿದ್ದಕ್ಕ ಮೂರು ದಿನ ನನ್ನ ಕೂಡ ಮಾತಾಡಿಲ್ಲವ್ವ ನಿಮ್ಮಣ್ಣ. ನಾ ಜಂಪರ್ ಹೊಲಿದು ಕೊಡ್ರಿ ಅಂದ್ರ ಆರು ತಿಂಗಳು. ಇಂಜಿನ್‌ಗೆ ಅಂಗಿ ಹೊಲಿಯಾಕ ನೋಡು, ಮುಂಜಾನಿಂದ ಕುಂತಾರ.”

“ಇಂಜಿನ್ ಎದುರು ಮಾತಾಡಾಂಗಿಲ್ಲ,” ಎಂದ ಅಣ್ಣ ತಲೆ ಎತ್ತದೆ.

ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದೆ. ಮೂರು ತಿಂಗಳಲ್ಲಿ ಚಕ್ರ, ಬಾಯ್ಲರು, ಚಿಮಣಿ ಮುಗಿದವು. ಉಳಿದದ್ದು ಡ್ರೈವರ್ ನಿಲ್ಲುವ ಕ್ಯಾಬು, ಅದರ ಹಿಂದೆ ಕಲ್ಲಿದ್ದಲು ಮತ್ತು ನೀರು ಹೊರುವ ಟೆಂಡರು. ಕಿಟ್ಟಿನ ಕ್ಯಾಬನ್ನು ಅಣ್ಣ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೆಳಗಿಟ್ಟ.

“ಇದು ನಮ್ದಲ್ಲ. ಯಾವ್ದೋ ಥಂಡಿ ದೇಶದ್ದು. ಸುತ್ತ ಮುಚ್ಚಿಬಿಟ್ಟಾರ. ನಮ್ಮ ಕಡಿ ಹಿಂಗ ಮುಚ್ಚಿದ್ರ ಡ್ರೈವರ್ ಬೆಂದೇ ಹೋಗ್ತಿದ್ದ. ನಮ್ದು ಪಕ್ಕಕ್ಕ ಪೂರಾ ಬಿಟ್ಟಿತ್ತು.”

“ಹಂಗಾದ್ರ?”

“ಆಲ್ಟರ್ ಮಾಡೂಣು.”

ನಮ್ಮ ಕಡೆ ಓಡುತ್ತಿದ್ದ ಸಣ್ಣ ಹಳಿಯ ಇಂಜಿನ್ನಿನ ನಕ್ಷೆಯನ್ನು ನಾನು ನೆಟ್‌ನಲ್ಲಿ ಹುಡುಕಿ, ಮಡಕಶಿರಾದ ಝೆರಾಕ್ಸ್ ಅಂಗಡಿಯಲ್ಲಿ ಮಾದರಿಯ ಅಳತೆಗೇ ಸರಿಯಾಗಿ ತೆಗೆಸಿಕೊಂಡು ಹೋದೆ. ಅಣ್ಣ ಅದರ ಮೇಲೆ ಕಾಗದವಿಟ್ಟು ಕ್ಯಾಬಿನ ಪಕ್ಕದ ಗೋಡೆಯ ಪ್ಯಾಟರ್ನ್ ತೆಗೆದ. ಕಾಗದವನ್ನು ಹೊಸ ಹಿತ್ತಾಳೆ ಹಾಳೆಯ ಮೇಲೆ ಹಾಸಿದ. ಅಳತೆಗೆ ಅವನು ತೆಲುಗಿನ ‘ಕೊಲತ’ ಎಂದೇ ಹೇಳುವುದು. “ಕೊಲತ ಸರಿ ಇದ್ರ ಮುಗೀತು” ಎನ್ನುತ್ತ ಸೂಜಿಯ ಮೊನೆಯಿಂದ ಗೆರೆ ಎಳೆದ. ಕೈ ಒಮ್ಮೆಯೂ ನಿಲ್ಲಲಿಲ್ಲ. ತಗಡಿನ ಕತ್ತರಿಯಿಂದ ಕತ್ತರಿಸಿದ. ಎರಡು ಗೋಡೆಗಳಾದವು. ಆ ಗೋಡೆಗಳನ್ನು ಹಿಡಿದು ನೆಲದ ತಗಡು, ಅದನ್ನು ಹಿಡಿದು ಚಾವಣಿ. ಸಂಜೆಯ ಹೊತ್ತಿಗೆ ಕ್ಯಾಬು ಬಾಯ್ಲರಿನ ಹಿಂದೆ ಕೂತಿತ್ತು.

ಉದ್ದವಾಗಿ ಕಂಡಿತೇ? ಈಗ ಕೇಳಿದರೆ ಹೌದು ಎನ್ನುತ್ತೇನೆ. ಅವತ್ತು ನನ್ನ ಕೈಯಲ್ಲೇ ಝೆರಾಕ್ಸ್ ಇತ್ತು. ಪಕ್ಕದಲ್ಲಿ ಹಿಡಿದು ನೋಡಬಹುದಿತ್ತು. ನೋಡಲಿಲ್ಲ. ಮರೆತೆ ಎಂದು ಬರೆಯುವುದು ಸುಲಭ. ಮರೆತೆನೋ, ನೋಡಬಾರದೆಂದು ನೋಡಲಿಲ್ಲವೋ, ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಬಟ್ಟೆಗೆ ಗೆರೆ ಹಾಕುವ ಚಾಕಿನ ಬಿಲ್ಲೆಗಳನ್ನು ಬ್ಲೇಡಿನಿಂದ ಕೆತ್ತಿ ಐದು ಜನರನ್ನು ಮಾಡಿದ. ದೊಡ್ಡವರು ಎರಡು ಇಂಚು, ಸುಮಾರು ಐದೂವರೆ ಅಡಿ ಲೆಕ್ಕಕ್ಕೆ. ನಾನು ಒಂದೂಕಾಲು ಇಂಚಿಗಿಂತ ಚೂರು ಹೆಚ್ಚು. ಡ್ರೈವರ್ ಬಿಳಿ, ಇಬ್ಬರು ಫೈರ್‌ಮನ್ನೂ ಬಿಳಿ. ಅಪ್ಪನನ್ನು ನೀಲಿ ಚಾಕಿನಿಂದ ಮಾಡಿದ್ದ, ಖಲಾಸಿಗಳ ಬಟ್ಟೆ ನೀಲಿ ಎಂದು. ನನಗೆ ಹಳದಿ ಬಂತು. “ಅದೊಂದೇ ತುಂಡು ಉಳಿದಿತ್ತು,” ಎಂದ. ಸಲಿಕೆಯೆಂದು ಗುಂಡುಪಿನ್ನೊಂದನ್ನು ಅಡ್ಡ ಇಟ್ಟ.

ಡ್ರೈವರನನ್ನು ಒಂದು ಪಕ್ಕಕ್ಕೆ ನಿಲ್ಲಿಸಿದ. ಫೈರ್‌ಮನ್‌ಗಳನ್ನು ಬೆಂಕಿ ಬಾಗಿಲಿನ ಮುಂದೆ. ಗುಂಡುಪಿನ್ನನ್ನು ಆಚೀಚೆ ಆಡಿಸಿ ನೋಡಿದ, ಯಾರಿಗೂ ತಾಗಲಿಲ್ಲ. ಆಮೇಲೆ ನೀಲಿ ಚಾಕ್, ಅದರ ಮುಂದೆ ಹಳದಿ. ಇಬ್ಬರೂ ಹಿಂದುಗಡೆ ಆರಾಮವಾಗಿ ನಿಂತರು.

ಅಣ್ಣ ಕನ್ನಡಕ ಮೇಲೆ ಸರಿಸಿ, ಬಗ್ಗಿ, ಎರಡೂ ಕಡೆಯಿಂದ ನೋಡಿದ.

“ಐತಲ್ಲ ಜಾಗ,” ಎಂದ. “ನಂದೇ ತಪ್ಪು ತಂಗಿ. ಸಣ್ಣಾವಿದ್ದಾಗ ನೋಡಿದ್ದು, ನನಗ ಇಕ್ಕಟ್ಟು ಅನಿಸಿತ್ತು ಕಾಣಸ್ತದ.”

ಸಣ್ಣವರಿಗೆ ಎಲ್ಲವೂ ದೊಡ್ಡದಾಗಿ ಕಾಣಬೇಕು, ಇಕ್ಕಟ್ಟಾಗಿ ಅಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಣ್ಣ ಸೋತ. ನಾನು ಗೆದ್ದೆ. ವಾಪಸು ಬರುವ ಬಸ್ಸಿನಲ್ಲಿ ಐದನೆಯ ಸಲ ಬರೆಯಲು ಶುರು ಮಾಡಿದೆ. ಈ ಸಲ ಕಾಲಿನ ಕೆಳಗಿನ ತಗಡು ನಡುಗುವುದೂ ಸೇರಿತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಒಂದು ಮೋಟಾರಿನ ಹೊಟ್ಟೆಗೆ ತಂತಿ ಸುತ್ತುತ್ತಿದ್ದರು.

“ಜಾಗ ಇದ್ರೆ ನಿನ್ನ ಹತ್ತಿಸಿದ್ರು ಅಂತ ಆಗೋಯ್ತಾ?” ಎಂದರು. “ನಮ್ಮ ಅಂಗಡೀಲೂ ಜಾಗ ಐತೆ. ಕಲೆಕ್ಟರ್ ಬಂದು ಕೂತಿದ್ದ ಅನ್ನಾನಾ?”

ಅವರೊಂದಿಗೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು ಎನ್ನುವುದೇ ಕಾರಣ.

ಮುಂದಿನ ಸಲ ಹೋದದ್ದು ಒಂದು ತಿಂಗಳ ಮೇಲೆ. ಅಷ್ಟರಲ್ಲಿ ಅಣ್ಣ ಒಬ್ಬನೇ ಕೂತು ಟೆಂಡರು ಮುಗಿಸಿದ್ದ. ನಾನು ಬಂದಮೇಲೆ ಕೂಡಿಸೋಣ ಎಂದು ಇಂಜಿನ್, ಟೆಂಡರು ಎರಡನ್ನೂ ಮೇಜಿನ ಎರಡು ತುದಿಗೆ ನಿಲ್ಲಿಸಿದ್ದ. ಅತ್ತಿಗೆಯೂ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಅಣ್ಣ ಟೆಂಡರನ್ನು ಬೆರಳಿನಿಂದ ತಳ್ಳಿದ. ಅದು ಉರುಳಿ ಬಂದು ಕ್ಯಾಬಿನ ನೆಲಕ್ಕೆ ಟಕ್ ಎಂದು ತಾಗಿ ನಿಂತಿತು. ಕೂಡಿಸುವ ಕೊಕ್ಕೆ ಕೆಳಗೆ ಒಳಗಡೆ ಇತ್ತು. ಟೆಂಡರಿನ ಬಳೆ ಅದನ್ನು ಮುಟ್ಟಲಿಲ್ಲ. ಇನ್ನೊಮ್ಮೆ ತಳ್ಳಿದ. ಮತ್ತೆ ಟಕ್. ನಡುವೆ ಒಂದು ಇಂಚಿನ ದೂರ.

“ಟೆಂಡರ್ ತಪ್ಪಾತೇನು?” ಎಂದರು ಅತ್ತಿಗೆ.

ಅಣ್ಣ ಕೊರಳಲ್ಲಿದ್ದ ಟೇಪು ತೆಗೆದು ಟೆಂಡರು ಅಳೆದ. ಝೆರಾಕ್ಸ್ ಕೇಳಿದ, ಕೊಟ್ಟೆ. ಟೆಂಡರು ಸರಿಯಿತ್ತು. ಕ್ಯಾಬನ್ನು ಅಳೆದ. ಇನ್ನೊಮ್ಮೆ ಅಳೆದ. ಮುಖ ಇಳಿದದ್ದು ಕಂಡಿತು.

“ಮಾರ್ಜಿನ್ ಬಿಟ್ಟೀನಿ,” ಎಂದ.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಬಟ್ಟೆಗೆ ಪ್ಯಾಟರ್ನ್ ಇಟ್ಟರೆ ಅದರ ಅಂಚಿಗೇ ಕತ್ತರಿಸುವುದಿಲ್ಲ. ಹೊಲಿಗೆ ಬರುವ ಕಡೆ ಅರ್ಧ ಇಂಚು ಹೊರಗೆ ಬಿಟ್ಟು ಕತ್ತರಿಸಬೇಕು. ಆ ಅರ್ಧ ಇಂಚು ಒಳಗೆ ಮಡಚಿಕೊಂಡು ಹೋಗುತ್ತದೆ, ಹೊರಗೆ ಕಾಣುವುದಿಲ್ಲ. ಹಿತ್ತಾಳೆ ಮಡಚಿಕೊಳ್ಳುವುದಿಲ್ಲ, ಕತ್ತರಿಸಿದ ಅಂಚಿಗೇ ಬೆಸುಗೆ ಕೂರುತ್ತದೆ. ಕ್ಯಾಬಿನ ಗೋಡೆಗೆ ಮುಂದೆ ಅರ್ಧ, ಹಿಂದೆ ಅರ್ಧ. ಬಿಡಬೇಕೆಂದು ಅವನು ಬಿಟ್ಟದ್ದಲ್ಲ, ಕೈಯೇ ಬಿಟ್ಟಿತ್ತು. ನಲವತ್ತು ವರ್ಷ ಮಾರ್ಜಿನ್ ಬಿಟ್ಟ ಕೈ. ನೆಲವನ್ನೂ ಚಾವಣಿಯನ್ನೂ ಆ ಗೋಡೆಗಳನ್ನು ಹಿಡಿದೇ ಕತ್ತರಿಸಿದ್ದರಿಂದ ತಪ್ಪು ಎಲ್ಲ ಕಡೆ ಸಮನಾಗಿ ಕೂತು ತಪ್ಪಿನಂತೆ ಕಾಣಿಸಿರಲಿಲ್ಲ.

“ನಕ್ಷೆದಾಗ ಎಷ್ಟೈತಿ, ನಿಂದ್ರು ಜಾಗ?” ಎಂದೆ. ಗೊತ್ತಿದ್ದೇ ಕೇಳಿದೆ.

“ಒಂದೂವರಿ ಇಂಚು. ನಾ ಮಾಡಿದ್ದು ಎರಡೂವರಿ.”

ಒಂದು ಇಂಚು ಹೆಚ್ಚು. ನಿಜದ ಇಂಜಿನ್ನಿನಲ್ಲಿ ಮೂವತ್ತೆರಡು ಇಂಚು. ಅಪ್ಪ ಮತ್ತು ನಾನು ಆರಾಮವಾಗಿ ನಿಂತಿದ್ದ ಜಾಗ ಅಷ್ಟೇ ಇತ್ತು.

ಅತ್ತಿಗೆ ಬಾಯಿಗೆ ಸೆರಗು ಹಿಡಿದರು. ನಗು ತಡೆಯಲಾಗಲಿಲ್ಲ. “ಇಷ್ಟು ದಿನ ಊರ ಮಂದಿ ಪ್ಯಾಂಟಿಗೆ ಬಿಟ್ರಿ. ರೈಲಿಗೂ ಬಿಟ್ರಿ? ಒಗೆದ್ರ ಕುಗ್ಗತೈತಿ ಅಂತೇನು?” ಎಂದರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಏನು ಹೋಯಿತೆಂದು ಅವರಿಗೂ ಗೊತ್ತಿತ್ತು. “ಅಕ್ಕಿ ಆರಿಸೋದೈತಿ,” ಎಂದು ಒಳಗೆ ಹೋದರು.

ಅಣ್ಣ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ಟೆಂಡರನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟ.

“ಬಿಡು,” ಎಂದ. “ಟೆಂಡರ್ ಬ್ಯಾಡ. ಇಂಜಿನ್ ಒಂದೇ ಇಡೂಣು. ಯಾರು ಬಂದು ಅಳೀತಾರ? ಹಿಂಗ ಇರ್ಲಿ.”

ನೂರು ಪದರದಲ್ಲಿ ಒಂದು ನೂಲು ತಪ್ಪಿದರೂ ಬಿಡದವನು ಅವನು. ಒಮ್ಮೆ ನನ್ನ ಗಂಡನಿಗೆ ಹೊಲಿದ ಪ್ಯಾಂಟಿನ ಜೇಬು ಚೂರು ವಾರೆಯಾಯಿತೆಂದು, ಅವರು ಹಾಕಿಕೊಂಡು ಮಡಕಶಿರಾಕ್ಕೆ ಬಂದ ಮೇಲೂ ಬಿಡದೆ, ಬಸ್ಸಿನಲ್ಲಿ ಕಳಿಸು ಎಂದು ಹಟ ಹಿಡಿದು ತರಿಸಿಕೊಂಡು ಬಿಚ್ಚಿ ಹೊಲಿದಿದ್ದ. ಅಂಥವನು ತನ್ನ ಮೇಜಿನ ಮೇಲೆ ಒಂದು ಇಂಚಿನ ತಪ್ಪು ನಿಲ್ಲಲಿ ಎನ್ನುತ್ತಿದ್ದ. ನನಗೋಸ್ಕರ.

ಒಪ್ಪಿಕೊಳ್ಳಬೇಕು ಎನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ. ಟೆಂಡರಿಲ್ಲದ ಇಂಜಿನ್ನನ್ನು ನನ್ನ ಮನೆಯ ಶೋಕೇಸಿನಲ್ಲಿ ಇಡಬಹುದಿತ್ತು. ನೋಡಲು ಬಂದವರಿಗೆ ಚಾಕಿನ ಐದು ಜನರನ್ನು ತೋರಿಸಿ, ಇಲ್ಲಿ ನಿಂತಿದ್ದೆ ಎನ್ನಬಹುದಿತ್ತು. ಆದರೆ ಹಾಗೆ ಹೇಳುವಾಗಲೆಲ್ಲ ನಾನು ನಿಂತದ್ದು ಅಪ್ಪನ ಇಂಜಿನ್ನಿನಲ್ಲಿ ಅಲ್ಲ, ಅಣ್ಣನ ಅಭ್ಯಾಸಬಲದೊಳಗೆ ಎಂದು ನನಗೆ ಗೊತ್ತಿರುತ್ತಿತ್ತು. ಇದು ಈಗ ಬರೆಯುವಾಗ ಕಂಡ ಕಾರಣ. ಅವತ್ತು ಇಷ್ಟು ನೀಟಾಗಿ ಯೋಚಿಸಿದೆನೆಂದು ಹೇಳಲಾರೆ. ಅವತ್ತು ನೆನಪಿರುವುದು ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ಕೂತಿದ್ದ ಟೆಂಡರು. ನೀರಿಲ್ಲದೆ ಇಂಜಿನ್ ಎಲ್ಲಿಗೆ ಹೋದೀತು ಎನ್ನಿಸಿತು. ನೀರು ತುಂಬಿಸುವವನ ಮಗಳಿಗೆ ಅನ್ನಿಸಬೇಕಾದದ್ದೇ.

“ಕತ್ತರಿಸಿಬಿಡಣ್ಣ,” ಎಂದೆ.

“ನೋಡು ಮತ್ತ. ಕತ್ತರಿಸಿದ್ರ ಮತ್ತ ಕೂಡಿಸಾಕ ಬರಂಗಿಲ್ಲ.”

“ಗೊತ್ತೈತಿ.”

ಬೆಸುಗೆ ಕಡ್ಡಿ ಕಾಯಿಸಿ ಕ್ಯಾಬು ಬಿಚ್ಚಲು ಒಂದು ಗಂಟೆ ಹಿಡಿಯಿತು. ಮುಂದಿನಿಂದ ಅರ್ಧ, ಹಿಂದಿನಿಂದ ಅರ್ಧ. ಈ ಸಲ ಗೆರೆ ಎಳೆಯುವಾಗ ಅಣ್ಣ ಎಡಗೈ ಬೆರಳನ್ನು ಗೆರೆಯ ಹೊರಗಡೆ ಒತ್ತಿ ಹಿಡಿದುಕೊಂಡಿದ್ದ, ಬಲಗೈ ಆಚೆ ಹೋಗದಂತೆ. ಕತ್ತರಿಸಿದ ಪಟ್ಟಿಗಳು ಸುರುಳಿಯಾಗಿ ಮೇಜಿನ ಮೇಲೆ ಬಿದ್ದವು. ಅವನು ಅವನ್ನೆಲ್ಲ ಆರಿಸಿ ಗುಂಡಿಗಳ ಡಬ್ಬಿಯಲ್ಲಿ ಹಾಕಿದ. ಚೂರನ್ನು ಎಸೆಯುವ ಅಭ್ಯಾಸ ಅವನಿಗಿಲ್ಲ.

ಊಟವಾದ ಮೇಲೆ ಮತ್ತೆ ಜೋಡಿಸಿದ. ಟೆಂಡರು ತಳ್ಳಿದರೆ ಬಳೆ ಹೋಗಿ ಕೊಕ್ಕೆಗೆ ಕೂತಿತು. ಚಾಕಿನ ಜನರನ್ನು ತಂದ. ಡ್ರೈವರ್, ಫೈರ್‌ಮನ್, ಇನ್ನೊಬ್ಬ ಫೈರ್‌ಮನ್. ಗುಂಡುಪಿನ್ನು ಇಟ್ಟ ಮೇಲೆ ಮುಗಿಯಿತು. ನೀಲಿ ಚಾಕ್ ಒಳಗೆ ಹೋಗಲಿಲ್ಲ. ಅಡ್ಡಕ್ಕೆ ತಿರುಗಿಸಿದ, ಓರೆ ಮಾಡಿದ, ಒಬ್ಬ ಫೈರ್‌ಮನ್ನನ ಭುಜ ಚೂರು ಕೆತ್ತಿದ ಕೂಡ. ಹೋಗಲಿಲ್ಲ. ನನ್ನ ಹಳದಿ ತುಂಡನ್ನಂತೂ ನಾವಿಬ್ಬರೂ ಮುಟ್ಟಲೇ ಇಲ್ಲ. ಅದು ಮೇಜಿನ ಮೇಲೆ ಬಿದ್ದುಕೊಂಡಿತ್ತು.

ನಾನು ಎದ್ದು ಹೋಗಿ ಚೀಲ ಕಟ್ಟಿಕೊಳ್ಳಬೇಕೆಂದಿದ್ದೆ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಣ್ಣ ನೀಲಿ ಚಾಕನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ಅಪ್ಪ ಒಳಗೆ ಹಿಡಿಸದಿದ್ದರೆ ಹೊರಗಿರಬೇಕಲ್ಲ ಎನ್ನುವಂತೆ ಅದನ್ನು ಇಂಜಿನ್ನಿನ ಪಕ್ಕ, ಮೇಜಿನ ಮೇಲೆ ನಿಲ್ಲಿಸಿದ. ನೀರಿನ ಕಂಬದ ಹತ್ತಿರ ಪ್ಲಾಟ್‌ಫಾರ್ಮ್ ಇರಲಿಲ್ಲ, ಜಲ್ಲಿಯ ಮೇಲೆ ನಿಲ್ಲಬೇಕಿತ್ತು. ಅಪ್ಪನ ಎದೆಯ ಮಟ್ಟಕ್ಕೆ ಕ್ಯಾಬಿನ ನೆಲ ಬಂತು. ಅಣ್ಣ ಹಳದಿ ತುಂಡನ್ನು ಎತ್ತಿಕೊಂಡ. ಎರಡು ಬೆರಳಿನಿಂದ ಅದರ ಕಂಕುಳ ಇರಬೇಕಾದ ಜಾಗದಲ್ಲಿ ಹಿಡಿದು, ಅಪ್ಪನ ತಲೆಯ ಮಟ್ಟಕ್ಕೆ, ಕ್ಯಾಬಿನ ತೆರೆದ ಪಕ್ಕಕ್ಕೆ ಒಯ್ದ.

“ಹಿಂಗ ಎತ್ತಿ ಹಿಡಿದ್ರ?” ಎಂದ.

ನಾನು ಬಗ್ಗಿ ನೋಡಿದೆ. ಹಳದಿ ತುಂಡಿನ ಮುಖ ಬೆಂಕಿಯ ಬಾಗಿಲಿನ ಎತ್ತರಕ್ಕೇ ಬಂದಿತ್ತು.

ಇಲ್ಲಿಗೆ ನಿಲ್ಲಿಸಿದರೆ ಬಹಳ ಚೆಂದವಾಗುತ್ತದೆ. ಅದಕ್ಕೇ ನಿಲ್ಲಿಸುವುದಿಲ್ಲ. ಆ ದಿನ ಅಪ್ಪ ಹಾಗೆ ಎತ್ತಿ ಹಿಡಿದಿದ್ದನೆಂದು ಅಣ್ಣ ಹೇಳಲಿಲ್ಲ. ಅವನು ಕಾಜಾ ಮಾಡುತ್ತ ಅಂಗಡಿಯಲ್ಲಿದ್ದ. ಹಿಡಿದಿರಬಹುದೇ ಎಂದು ಕೇಳಿದ ಅಷ್ಟೆ. ನೋಡಿದವರು ಯಾರೂ ಉಳಿದಿಲ್ಲ. ಮನೆಗೆ ಬಂದು ನಾನು ನಾಲ್ಕೂ ಬರಹಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಕಾಲಿನ ಕೆಳಗೆ ಏನಿತ್ತೆಂದು ನಾಲ್ಕರಲ್ಲೂ ಇಲ್ಲ. ಬಿಸಿ ಇದೆ, ಕೆಂಪು ಇದೆ, ಕಂಕುಳಲ್ಲಿ ಕೈ ಇದೆ. ನಿಂತವಳಿಗೆ ಯಾಕೆ ಕಂಕುಳಲ್ಲಿ ಕೈ ಬೇಕು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನೆಲ ಬಂದದ್ದು ಐದನೆಯ ಸಲ, ಬಸ್ಸಿನಲ್ಲಿ, ಅಣ್ಣ ಒಂದು ಇಂಚು ಹೆಚ್ಚಿಗೆ ನೆಲ ಮಾಡಿಕೊಟ್ಟ ಮೇಲೆ.

ಇದು ಸಾಕ್ಷಿಯಲ್ಲ. ಮಕ್ಕಳು ಕಾಲಿನ ಕೆಳಗಿನದನ್ನು ನೆನಪಿಡದೆಯೂ ಇರಬಹುದು. ಆದರೆ ಇಂಜಿನ್ ಚಲಿಸಿದ್ದು ಹೋಯಿತು, ಅದನ್ನು ಹೊಡೆದುಹಾಕಿದೆ. ಹೊರಗೆ ನಿಂತು ಎತ್ತಿ ಹಿಡಿದವರೊಂದಿಗೆ ಇಂಜಿನ್ ಹೊರಡುವುದಿಲ್ಲ. ಸೀಟಿಯ ಹಗ್ಗ, ಕೆಂಪು ವಸ್ತ್ರ, ಕಿಟಕಿಯ ಬೆಟ್ಟ ಹೋದವು. ಹಗ್ಗಕ್ಕೆ ಮಾತ್ರ ಸ್ವಲ್ಪ ಸಂಕಟವಾಯಿತು. ಉಳಿದದ್ದು ಮೊದಲ ಸಲ ಬರೆದದ್ದಕ್ಕಿಂತ ಕಡಿಮೆ: ಬಿಸಿ, ಕೆಂಪು, ಎರಡು ಕೈ. ಅಷ್ಟು ಹೊತ್ತು ಕೈ ನೋಯಲಿಲ್ಲವೇ ಅಪ್ಪನಿಗೆ ಎಂಬ ಪ್ರಶ್ನೆ ಹೊಸದಾಗಿ ಬಂದಿದೆ. ಅದನ್ನು ಬರಹದಲ್ಲಿ ಸೇರಿಸಿಲ್ಲ.

ಇಂಜಿನ್ ರಾಯದುರ್ಗದಲ್ಲೇ ಇದೆ. ಅತ್ತಿಗೆ ಅದನ್ನು ಹೊಲಿಗೆ ಮಷೀನಿನ ಪಕ್ಕದ ಗೂಡಿನಲ್ಲಿ ಇಟ್ಟು, ಧೂಳು ಕೂರದಿರಲೆಂದು ಜೀನ್ಸಿನ ತುಂಡು ಹೊದಿಸಿದ್ದಾರೆ. ಮೊನ್ನೆ ಹೋದಾಗ ಒಬ್ಬರು ಪ್ಯಾಂಟು ಬಿಡಿಸಿಕೊಳ್ಳಲು ಬಂದಿದ್ದರು.

“ಸೊಂಟ ಬಿಗಿ ಆಗೈತ್ರಿ ಮಾಸ್ಟ್ರೇ, ನೋಡ್ರಿ.”

“ಪ್ಯಾಂಟ್ ಬಿಗಿ ಆಗಿಲ್ರಿ, ನೀವು ಸಡಿಲ ಆಗೀರಿ,” ಎಂದ ಅಣ್ಣ, ಚಾಕಿಗಾಗಿ ಮೇಜಿನ ಮೇಲೆ ತಡಕಾಡಿದ. ಕೈಗೆ ಸಿಕ್ಕದ್ದು ನೀಲಿ ತುಂಡು.

“ಅಣ್ಣಾ, ಅದು ಅಪ್ಪ,” ಎಂದೆ.

ಅವನು ಅದನ್ನು ಒಮ್ಮೆ ನೋಡಿದ. “ಚಾಕ್ ಇರೋದು ಗೆರಿ ಎಳೆಯಾಕ,” ಎಂದ. ಪ್ಯಾಂಟಿನ ಒಳಮಗ್ಗುಲು ತಿರುವಿ ಹಳೆಯ ಹೊಲಿಗೆ ಬಿಚ್ಚಿದ. ಎಂದೋ ಯಾರೋ ಬಿಟ್ಟಿದ್ದ ಅರ್ಧ ಇಂಚು ಒಳಗೆ ಹಾಗೇ ಇತ್ತು, ಬಣ್ಣ ಮಾಸದೆ. ಅದರ ಅಂಚಿನಲ್ಲಿ ಅಪ್ಪನಿಂದ ಒಂದು ನೀಲಿ ಗೆರೆ ಎಳೆದ.